ಫಿಲ್ಮೋರ್ ಈಸ್ಟ್: ತಡವಾದ ಮರುಶ್ರವಣ

ಆಲ್‌ಮನ್ ಬ್ರದರ್ಸ್ ಬ್ಯಾಂಡ್‌ನ ‘ಅಟ್ ಫಿಲ್ಮೋರ್ ಈಸ್ಟ್’ ಎಂಬ ಜೋಡಿ ಧ್ವನಿಮುದ್ರಿಕೆಯನ್ನು ಗೌರವದಿಂದ ಕಪಾಟಿನಲ್ಲಿಟ್ಟು ವರ್ಷಗಟ್ಟಲೆ ಕೇಳದೆ ಬಿಟ್ಟ ರಸಿಕರಿದ್ದಾರೆ. ಏಳೇ ಕೃತಿಗಳು ನಾಲ್ಕು ಪಾರ್ಶ್ವಗಳನ್ನು ತುಂಬುವುದೂ ಅವುಗಳಲ್ಲೊಂದು 23 ನಿಮಿಷ ಸಾಗುವುದೂ ಅವರಿಗೆ ಗಿಟಾರು ವಾದಕರ ಆತ್ಮಪ್ರದರ್ಶನವೆಂದೇ ತೋರಿದೆ. ‘ಸದರ್ನ್ ರಾಕ್’ ಎಂಬ ಹಣೆಪಟ್ಟಿಯೂ ಈ ಉದಾಸೀನಕ್ಕೆ ಕಾರಣ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬ್ಲೂಸ್, ಕಂಟ್ರಿ ಸಂಗೀತಗಳ ಬೆರಕೆಯಿಂದ ಬೆಳೆದ ಈ ಪ್ರಕಾರಕ್ಕೆ ಮುಂದೆ ಕಾನ್ಫೆಡರೇಟ್ ಬಾವುಟವೂ ಪ್ರಾಂತಾಭಿಮಾನದ ಅಬ್ಬರವೂ ಅಂಟಿಕೊಂಡವು; ಆದರೆ 1969ರಲ್ಲಿ ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಕೂಡಿ ಜಾರ್ಜಿಯಾದ ಮೇಕನ್‌ನಲ್ಲಿ ನೆಲೆನಿಂತ ಈ ತಂಡದಲ್ಲಿ ಬಿಳಿಯರ ಜೊತೆ ಕಪ್ಪುವರ್ಣೀಯ ಡ್ರಮ್ ವಾದಕ ಜೈಮೋ ಇದ್ದರು, ಮೈಲ್ಸ್ ಡೇವಿಸ್ ಮತ್ತು ಕೋಲ್ಟ್ರೇನ್‌ರ ಜಾಝ್ ಸಂಗೀತದ ಕಡೆಗೆ ಗಿಟಾರು ವಾದಕ ಡ್ವೇನ್ ಆಲ್‌ಮನ್‌ರ ಕಿವಿ ತಿರುಗಿದ್ದರಲ್ಲಿ ಅವರ ಪಾಲು ದೊಡ್ಡದು.

1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್ಮೋರ್ ಈಸ್ಟ್ ರಂಗಮಂದಿರದಲ್ಲಿ ನಿರ್ಮಾಪಕ ಟಾಮ್ ಡೌಡ್ ಮುದ್ರಿಸಿಕೊಂಡ ಈ ಕಛೇರಿಯ ಹಿರಿಮೆ ಮೂರನೆಯ ಪಾರ್ಶ್ವದ ‘ಇನ್ ಮೆಮರಿ ಆಫ್ ಎಲಿಜಬೆತ್ ರೀಡ್’ನಲ್ಲಿ ಬಿಚ್ಚಿಕೊಳ್ಳುತ್ತದೆ. ಮೇಕನ್‌ನ ಸ್ಮಶಾನವೊಂದರ ಸಮಾಧಿಕಲ್ಲಿನಿಂದ ಹೆಸರು ಪಡೆದ, ಹಾಡುಗಾರಿಕೆಯಿಲ್ಲದ ಈ ಕೃತಿಯ ಆರಂಭದಲ್ಲಿ ರಚನಕಾರ ಡಿಕಿ ಬೆಟ್ಸ್, ತಂತಿ ಮೀಟಿದ ಸದ್ದನ್ನು ವಾಲ್ಯೂಮ್ ಗುಂಡಿಯಿಂದ ಅಡಗಿಸಿ ನಾದವನ್ನು ಮಾತ್ರ ಮೆಲ್ಲನೆ ಏರಿಸುವುದರಿಂದ ಗಿಟಾರು ಪಿಟೀಲಿನಂತೆ ಮೂಡುತ್ತದೆ; ಮುಂದೆ ಡ್ವೇನ್ ತಮ್ಮ ಸರದಿಯನ್ನು ತಗ್ಗಿದ ದನಿಯಲ್ಲಿ ಆರಂಭಿಸಿ, ಶಿಖರ ಮುಟ್ಟಿದೊಡನೆ ಮತ್ತೆ ಇಳಿದು, ಇನ್ನೂ ಎತ್ತರಕ್ಕೆ ಹೊರಡುವಾಗ, ಇಬ್ಬರು ಡ್ರಮ್ ವಾದಕರೂ ಬೆರಿ ಓಕ್ಲಿಯ ಬಾಸ್ ಗಿಟಾರೂ ಪ್ರತಿ ಹೆಜ್ಜೆಯನ್ನು ಕೇಳಿಸಿಕೊಂಡೇ ಜೊತೆಗೂಡುವುದು ಸ್ಪಷ್ಟವಾಗುತ್ತದೆ. ಆತ್ಮಪ್ರದರ್ಶನಕ್ಕೆ ಇಷ್ಟು ಸಂಯಮ ಬೇಕಿರಲಿಲ್ಲ.

ಸ್ಲೈಡ್ ಎಂದರೆ ಬೆರಳಿಗೆ ತೊಟ್ಟ ಗಾಜಿನ ಅಥವಾ ಲೋಹದ ಕೊಳವೆಯನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಕ್ರಮ. ನೆಗಡಿ ಮಾತ್ರೆಯ ಖಾಲಿ ಶೀಶೆಯನ್ನೇ ಕೊಳವೆಯಾಗಿಸಿಕೊಂಡ ಡ್ವೇನ್, ಮೊದಲ ಕೃತಿ ‘ಸ್ಟೇಟ್ಸ್‌ಬರೊ ಬ್ಲೂಸ್’ನಲ್ಲಿ ಅದರ ಸೊಗಸನ್ನೆಲ್ಲ ತೋರುತ್ತಾರೆ. ಎರಡನೆಯ ಪಾರ್ಶ್ವವನ್ನು ಪೂರ್ತಿ ಆವರಿಸುವ ‘ಯು ಡೋಂಟ್ ಲವ್ ಮಿ’ ಮಾತ್ರ ನಡುವೆ ಸಡಿಲಗೊಳ್ಳುತ್ತದೆ, ಹಳೆಯ ದೂರು ಅಲ್ಲಿಗೆ ಸಲ್ಲುತ್ತದೆ. ಗ್ರೆಗ್ ಆಲ್‌ಮನ್ ರಚಿಸಿದ ‘ವಿಪ್ಪಿಂಗ್ ಪೋಸ್ಟ್’ನ ಮೊದಲ ಪಲುಕು 3+3+3+2 ಎಂಬಂತೆ ಹನ್ನೊಂದರ ಎಣಿಕೆಯಲ್ಲಿದೆ, ತಿಸ್ರ ಜಾತಿ ಧ್ರುವ ತಾಳಕ್ಕೂ ಹನ್ನೊಂದೇ ಅಕ್ಷರ, ಅಲ್ಲಿ ಎರಡನೆಯ ಅಂಗವಾದ ದ್ರುತ ಇಲ್ಲಿ ಕೊನೆಗೆ ಬಂದಿದೆ ಎಂದುಕೊಂಡರೆ ಕರ್ನಾಟಕ ಸಂಗೀತ ಬಲ್ಲವರಿಗೆ ಲೆಕ್ಕ ತಪ್ಪದು.

ಧ್ವನಿಮುದ್ರಿಕೆ ಜುಲೈನಲ್ಲಿ ಹೊರಬಂತು, ಅಕ್ಟೋಬರ್ 29ರಂದು ಮೋಟಾರ್‌ಸೈಕಲ್ ಅಪಘಾತದಲ್ಲಿ ಡ್ವೇನ್ ತೀರಿಕೊಂಡಾಗ ಅವರಿಗೆ 24 ವರ್ಷ. ‘ವಿಪ್ಪಿಂಗ್ ಪೋಸ್ಟ್’ ಮುಗಿದು ಚಪ್ಪಾಳೆ ಕ್ಷೀಣಿಸುವಾಗ ಕೇಳಿಬರುವ ಟಿಂಪನಿ ಎಂಬ ದೊಡ್ಡ ನಗಾರಿಯ ಸದ್ದು ‘ಮೌಂಟನ್ ಜ್ಯಾಮ್’ನ ಆರಂಭವಾಗಿದ್ದು, ಅರ್ಧ ಗಂಟೆಗೂ ಮೀರಿದ ಆ ಕೃತಿಗಾಗಿ 1972ರ ‘ಈಟ್ ಎ ಪೀಚ್’ ಅನ್ನು ತೆರೆಯಬೇಕಾಗುತ್ತದೆ.