ಈಟಿ ಬಿಟ್ಟು ಚೆಂಡು ಹಿಡಿದಾಕೆ

ಭಾರತ ಮಹಿಳಾ ಕ್ರಿಕೆಟ್ ತಂಡಕ್ಕೆ ಆಡಿದ ರಾಜೇಶ್ವರಿ ಗಾಯಕವಾಡ ಅವರ ಬಗ್ಗೆ ನಮ್ಮ ಭಾಗದಲ್ಲಿ ಸನ್ಮಾನದ ಮಾತು ಬೇಕಾದಷ್ಟು ಕೇಳಿದ್ದೇವೆ. ಸಿದ್ಧೇಶ್ವರ ಗುಡಿಯ ಊರಾದ ವಿಜಯಪುರದ ಹುಡುಗಿ ಲಾರ್ಡ್ಸ್ ಮೈದಾನ ಮುಟ್ಟಿದಳೆಂಬ ಹೆಮ್ಮೆ ನನಗೂ ಇದೆ. ಆದರೆ ಆ ಹೆಮ್ಮೆಯ ಗದ್ದಲದಲ್ಲಿ ಆಕೆಯ ಬೌಲಿಂಗ್‌ನ ಗುಣ ಎಂಥದ್ದು ಎಂಬ ವಿಚಾರ ಹಿಂದೆ ಬಿದ್ದಿದೆ.

ಕ್ರಿಕೆಟ್ ಅವರ ಮೊದಲ ಆಟವಲ್ಲ. ಈಟಿ ಎಸೆತ, ವಾಲಿಬಾಲ್ ಆಡಿ ಬಂದವರು. ಚೆಂಡು ಹಿಡಿದದ್ದು ಹದಿನೆಂಟರ ಆಸುಪಾಸಿನಲ್ಲಿ. ಅವರ ಬಲವೂ ಮಿತಿಯೂ ಈ ತಡವಾದ ಆರಂಭದಲ್ಲೇ ಇವೆ ಎಂಬುದು ನನ್ನ ಅಭಿಪ್ರಾಯ. ಭುಜದ ಕಸುವು, ದಣಿಯದ ಮೈ, ಗುರಿಯ ಮೇಲಿನ ಕಣ್ಣು ಇವೆಲ್ಲ ಬೇರೆ ಆಟಗಳಿಂದಲೇ ಬಂದವು. ಎಡಗೈ ಸ್ಪಿನ್ನರ್ ಆದರೂ ಭಾರಿ ತಿರುವನ್ನು ನೆಚ್ಚಿಕೊಂಡವರಲ್ಲ. ಸ್ಟಂಪಿಗೇ ಹಾಕುವುದು, ವೇಗದಲ್ಲಿ ತುಸು ಏರಿಳಿತ ಮಾಡುವುದು, ಬ್ಯಾಟರ್‌ಗೆ ಕೈ ಬಿಚ್ಚಲು ಜಾಗ ಕೊಡದಿರುವುದು: ಅವರ ದಾರಿ ಇದು.

2017ರ ಜುಲೈ 15, ಡರ್ಬಿ. ನ್ಯೂಜಿಲೆಂಡ್ ವಿರುದ್ಧ ಸೋತರೆ ವಿಶ್ವಕಪ್ಪಿನಿಂದಲೇ ಹೊರಗೆ. ಅಲ್ಲಿಯತನಕ ಟೂರ್ನಿಯಲ್ಲಿ ಒಂದೂ ಪಂದ್ಯ ಸಿಗದೆ ಬೆಂಚಿನ ಮೇಲಿದ್ದವರು ಅವತ್ತು 7.3 ಓವರ್‌ಗಳಲ್ಲಿ 15 ರನ್‌ಗೆ 5 ವಿಕೆಟ್ ಕಿತ್ತರು; ಎದುರಾಳಿ 79ಕ್ಕೆ ಆಲೌಟ್. ಎಂಟು ದಿನಗಳ ನಂತರ ಫೈನಲ್‌ನಲ್ಲಿ ಇಂಗ್ಲೆಂಡಿನ ಮೊದಲ ವಿಕೆಟ್ ಜೊತೆಯಾಟ ಮುರಿದದ್ದೂ ಇವರೇ. ಸ್ವೀಪ್ ಮಾಡಲು ಹೋದ ಲಾರೆನ್ ವಿನ್‌ಫೀಲ್ಡ್ ಅವರ ಕಾಲ ಹಿಂದಿನಿಂದ ಚೆಂಡು ನುಗ್ಗಿ ಸ್ಟಂಪಿಗೆ ಬಡಿಯಿತು. ಬ್ಯಾಟರ್ ತಪ್ಪುವುದನ್ನೇ ಕಾದು ಕೂತು, ತಪ್ಪಿದ ಗಳಿಗೆ ಬಿಡದ ಬೌಲಿಂಗ್.

ಅದೇ ಪಂದ್ಯದಲ್ಲಿ ಭಾರತದ ಕೊನೆಯ ವಿಕೆಟ್ಟೂ ಇವರದೇ. ಅನ್ಯಾ ಶ್ರಬ್‌ಸೋಲ್ ಎಸೆತಕ್ಕೆ ಸೊನ್ನೆಗೆ ಬೌಲ್ಡ್. 9 ರನ್ ಸೋಲು. ಆ ಸೋಲನ್ನು ಹನ್ನೊಂದನೆಯವರ ತಲೆಗೆ ಕಟ್ಟುವುದು ಅನ್ಯಾಯ. ಕೈಯಲ್ಲಿದ್ದ ಪಂದ್ಯವನ್ನು ಬಿಟ್ಟುಕೊಟ್ಟದ್ದು ಮೇಲಿನ, ಮಧ್ಯದ ಕ್ರಮಾಂಕ. ಆದರೂ ಬ್ಯಾಟಿಂಗ್ ಅವರಿಗೆ ಒಲಿಯಲೇ ಇಲ್ಲವೆಂಬುದು ನಿಜ. ಅದಕ್ಕೆ ಬಾಲ್ಯದಿಂದ ಸಾವಿರಾರು ಚೆಂಡು ಎದುರಿಸಿದ ರೂಢಿ ಬೇಕು, ಮೈಕಟ್ಟೊಂದೇ ಸಾಲದು. ಸ್ಪಿನ್ನರ್‌ಗಳೂ ರನ್ ಹೊಡೆಯಬೇಕೆಂಬ ಕಾಲ ಬಂದಾಗ ಈ ಕೊರತೆ ಅವರಿಗೆ ಭಾರವಾಯಿತು.

ಹಾಗೆಂದು ಡರ್ಬಿ ಒಂದು ದಿನದ ಅದೃಷ್ಟವಲ್ಲ. 2021ರಲ್ಲಿ ಲಖನೌದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಟಿ20ಯಲ್ಲಿ ನಾಲ್ಕು ಓವರ್, 9 ರನ್, 3 ವಿಕೆಟ್. 2022ರ ವಿಶ್ವಕಪ್ಪಿನಲ್ಲಿ ಪಾಕಿಸ್ತಾನದ ವಿರುದ್ಧ 31ಕ್ಕೆ 4. ಏಕದಿನದಲ್ಲಿ 64 ಪಂದ್ಯ, 99 ವಿಕೆಟ್. ಇಂಥ ಬೌಲರ್‌ಗೆ ನೂರನೆಯದು ಸಿಗದಿರುವುದು ನನಗೆ ನೋವಿನ ಸಂಗತಿ.

ಮೈದಾನದ ಹೊರಗೂ ಅವರು ಹಾಗೆಯೇ. 2017ರ ಆ ವಿಶ್ವಕಪ್ಪಿನ ನಂತರ, ಆಗ ಬಬಲೇಶ್ವರದ ಶಾಸಕರೂ ಸಚಿವರೂ ಆಗಿದ್ದ ಎಂ.ಬಿ. ಪಾಟೀಲರು ಕಾರು ಕೊಡಲು ಮುಂದಾದಾಗ, ತಂದೆಯನ್ನು ಕಳೆದುಕೊಂಡಿದ್ದ ಈಕೆ ಕಾರು ಬೇಡ, ಮನೆ ಬೇಕು ಎಂದರು. ಬೌಲಿಂಗ್‌ನಲ್ಲಿದ್ದ ನೇರತನವೇ ಆ ಮಾತಿನಲ್ಲೂ ಇತ್ತು.

ತಿಕೋಟಾ, ಬಬಲೇಶ್ವರ ಕಡೆಯ ಶಾಲೆಗಳ ದೈಹಿಕ ಶಿಕ್ಷಕರಿಗೆ ನನ್ನದೊಂದು ವಿನಂತಿ: ಈಟಿ ಚಲೋ ಎಸೆಯುವ ಹುಡುಗಿಯ ಕೈಗೆ ಎಂಟನೆಯ ತರಗತಿಯಲ್ಲೇ ಚೆಂಡನ್ನೂ ಕೊಡಿ, ಬ್ಯಾಟನ್ನೂ ಕೊಡಿ.