ಯಾವ ‘ಸಂಪುಟ 2’?

ನನ್ನ ಪ್ರಬಂಧದ ಒಂದು ಅಧ್ಯಾಯ ಮಾರ್ಗದರ್ಶಕರಿಂದ ವಾಪಸು ಬಂತು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಕ್ಕೆ ‘ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 2, ಸಂಖ್ಯೆ 54’ ಎಂದಷ್ಟೇ ಅಡಿಟಿಪ್ಪಣಿ ಕೊಟ್ಟಿದ್ದೆ. ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನೆ: ‘ಯಾವ ಸಂಪುಟ 2?’

ತಪ್ಪು ನನ್ನದೇ. ಬಿ.ಎಲ್. ರೈಸ್ 1889ರಲ್ಲಿ ಈ ಸಂಪುಟ ತಂದಾಗ ಅದರಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಮೂರೂ ‘ಸಂಪುಟ 2’. ಮಲ್ಲಿಷೇಣ ಪ್ರಶಸ್ತಿ ರೈಸರಲ್ಲಿ 54, ನರಸಿಂಹಾಚಾರ್ಯರಲ್ಲಿ 67.

ಹೊಳೆನರಸೀಪುರದಲ್ಲಿ ಕೂತು ತಂತ್ರಾಂಶ ಬರೆಯುವ ತಮ್ಮ ಇದನ್ನು ಕೇಳಿ ನಕ್ಕ: ‘ಅಕ್ಕಾ, ನಮ್ಮಲ್ಲೂ ಇದೇ ಗೋಳು.’

ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ನೋಡಿ. 2019ರಲ್ಲಿ ‘ಡಾಟ್‌ನೆಟ್ ಫ್ರೇಮ್‌ವರ್ಕ್ 4.8’ ಬಂತು, ‘ಡಾಟ್‌ನೆಟ್ ಕೋರ್ 3.1’ ಕೂಡ ಬಂತು. 2020ರಲ್ಲಿ ಬಂದದ್ದು ಬರೀ ‘ಡಾಟ್‌ನೆಟ್ 5’. ಹೊಸಬರು ಇದನ್ನು 4.8ರ ಮುಂದಿನದೆಂದು ಓದುವುದು ಸಹಜ. ವಾಸ್ತವದಲ್ಲಿ ಅದು 3.1ರ ವಾರಸುದಾರ. ಫ್ರೇಮ್‌ವರ್ಕಿನ 4ರೊಂದಿಗೆ ಗೊಂದಲವಾಗದಿರಲೆಂದು 4ನ್ನು ದಾಟಿದರು, ‘ಕೋರ್’ ಎಂಬ ಹೆಸರನ್ನೂ ಕೈಬಿಟ್ಟರು. ಆದರೆ ಅದರ ಜೊತೆಗಾರ ‘ಎಎಸ್‌ಪಿ ಡಾಟ್‌ನೆಟ್ ಕೋರ್’ನಲ್ಲಿ ಕೋರ್ ಹಾಗೇ ಉಳಿಯಿತು. ಗೊಂದಲ ತಪ್ಪಿಸುವ ಉದ್ದೇಶವೇ ಇನ್ನೊಂದು ಗೊಂದಲ ಹುಟ್ಟಿಸಿತು.

ಹೆಸರು ಬದಲಾಯಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹೊಸ ಶಾಸನ ಸಿಕ್ಕರೆ ಸಂಖ್ಯೆ ಬದಲಾಗಲೇಬೇಕು, ತಂತ್ರಾಂಶವೂ ಬೆಳೆಯಲೇಬೇಕು. ನನ್ನ ತಕರಾರು ಬೇರೆ: 3.1ರಿಂದ 5ಕ್ಕೆ ಹಾರಿದ ಕಾರಣ ಆ ಹೆಸರಿನೊಳಗೆ ಎಲ್ಲೂ ಇಲ್ಲ. ಅದು ಹೊರಗಿನ ವಿವರಣೆಯಲ್ಲಿದೆ, ಹೆಸರಷ್ಟನ್ನೇ ಕಂಡವನಿಗೆ ಸಿಗುವುದಿಲ್ಲ.

ನರಸಿಂಹಾಚಾರ್ಯರು ಇಲ್ಲಿ ಗೆಲ್ಲುತ್ತಾರೆ. ಅವರು ಹೊಸ ಸಂಖ್ಯೆಯ ಪಕ್ಕದಲ್ಲೇ ಕಂಸದೊಳಗೆ ಹಳೆಯದನ್ನೂ ಅಚ್ಚು ಹಾಕಿಸಿದರು: 67 (54). ಅಷ್ಟೇ ಕೆಲಸ. ಆದರೆ ರೈಸರನ್ನು ಓದಿ ಬಂದವನು ದಾರಿ ತಪ್ಪುವುದಿಲ್ಲ. ಆ ಕಂಸ ಹಳೆಯ ಓದುಗನಿಗೆ ಸಲ್ಲಿಸಿದ ಮರ್ಯಾದೆ.

ಹೆಸರಿಡುವವನಿಗೆ ಇಡೀ ಇತಿಹಾಸ ಗೊತ್ತಿರುತ್ತದೆ, ನಡುವೆ ಬಂದ ಓದುಗನಿಗೆ ಗೊತ್ತಿರುವುದಿಲ್ಲ. ಒಳ್ಳೆಯ ಹೆಸರು ಬರೆಯಬೇಕಾದದ್ದು ಈ ಎರಡನೆಯವನಿಗಾಗಿ.

ಅಧ್ಯಾಯವನ್ನು ತಿದ್ದಿದೆ. ಈಗ ಪ್ರತಿ ಅಡಿಟಿಪ್ಪಣಿಯಲ್ಲೂ ಆವೃತ್ತಿಯ ಇಸವಿ ಇದೆ, ಕಂಸದಲ್ಲಿ ಹಳೆಯ ಸಂಖ್ಯೆಯೂ ಇದೆ.