ಮುಕ್ತ ತಂತ್ರಾಂಶ: ಹೊಂದಾಣಿಕೆಯೇ, ಶರಣಾಗತಿಯೇ?

ಮುಕ್ತ ತಂತ್ರಾಂಶದ ಕೆಲವು ಬೆಂಬಲಿಗರ ವಾದ ಹೀಗಿದೆ: ಖಾಸಗಿ ಒಡೆತನದ ತಂತ್ರಾಂಶಗಳೊಡನೆ ಹೊಂದಿಕೊಂಡು ಕೆಲಸ ಮಾಡುವ ಸೌಲಭ್ಯ ಕೊಟ್ಟರೆ ಬಳಕೆದಾರರು ಅವುಗಳಲ್ಲೇ ಉಳಿಯುತ್ತಾರೆ, ಆದ್ದರಿಂದ ಕೊಡಬಾರದು. ಈ ವಾದವನ್ನು ಕನ್ನಡದ ಅನುಭವದ ಒರೆಗೆ ಹಚ್ಚಿ ನೋಡೋಣ.

ದಾವಣಗೆರೆಯ ಕಾಲೇಜೊಂದರಲ್ಲಿ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿ, ವರ್ಡ್ ಕಡತವಾಗಿ ಉಳಿಸಿದ ಭೌತಶಾಸ್ತ್ರದ ಟಿಪ್ಪಣಿಯನ್ನು ಹರಿಹರದ ಶಾಲೆಯೊಂದರ ಲಿನಕ್ಸ್ ಗಣಕದಲ್ಲಿ ನೀವು ತೆರೆದಿರಿ ಎನ್ನಿ. ಆ ಅಕ್ಷರಶೈಲಿ ಅಲ್ಲಿಲ್ಲದಿದ್ದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಇಲ್ಲಿರುವುದು ಎರಡು ಬೀಗ.

ಮೊದಲನೆಯದು ಕಡತದ ರಚನೆ. ವರ್ಡ್‌ನ ಹಳೆಯ 'ಡಾಕ್' ಕಡತದ ಒಳವಿವರಗಳನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ್ದು 2008ರಲ್ಲಿ. ಆದರೆ 2002ರಲ್ಲಿ ಬಂದ ಓಪನ್ ಆಫೀಸ್‌ನ ಮೊದಲ ಆವೃತ್ತಿಯೇ ಅದನ್ನು ಬಹುಮಟ್ಟಿಗೆ ಓದಬಲ್ಲುದಾಗಿತ್ತು. ಓದಲಾಗದಿದ್ದರೆ ಎಷ್ಟು ಶಿಕ್ಷಕರು ಅದನ್ನು ಬಳಸಿ ನೋಡುತ್ತಿದ್ದರು?

ಎರಡನೆಯದು ಅಕ್ಷರಗಳ ಸಂಕೇತ. ಹಳೆಯ ಅಕ್ಷರಶೈಲಿಗಳು ಸಂಕೇತ ಕೊಡುವುದು ಅಕ್ಷರದ ಆಕಾರಗಳಿಗೆ. ಯೂನಿಕೋಡ್ ಕೊಡುವುದು ಅಕ್ಷರಗಳಿಗೇ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ; 'ಕ' ಅಕ್ಷರದ್ದು 3221. 'ಸೂರ್ಯ' ಪದವನ್ನು ಅರ್ಕಾವತ್ತಿನಲ್ಲಿ ಬರೆದಾಗ ಹಳೆಯ ಕಡತದಲ್ಲಿ 'ಯ' ಮೊದಲು, ಅರ್ಕಾವತ್ತು ನಂತರ. ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ 'ರ್' ಮೊದಲು. ಆದ್ದರಿಂದ ಪರಿವರ್ತಕವು ಸಂಕೇತಗಳನ್ನಷ್ಟೇ ಅಲ್ಲ, ಅವುಗಳ ಕ್ರಮವನ್ನೂ ಬದಲಿಸಬೇಕು. ಇಂಥ ಪರಿವರ್ತಕಗಳನ್ನು ಉತ್ಸಾಹಿಗಳು ಬರೆದು ಮುಕ್ತವಾಗಿ ಹಂಚಿದ್ದಾರೆ. ಹೊಂದಾಣಿಕೆಯೇ ಬೇಡವೆಂದು ಅವರು ಕೈಕಟ್ಟಿ ಕುಳಿತಿದ್ದರೆ ಶಿಕ್ಷೆ ಯಾರಿಗೆ? ಕಂಪನಿಗಲ್ಲ, ವರ್ಷಗಟ್ಟಲೆ ಟಿಪ್ಪಣಿ ಬರೆದ ಮೇಷ್ಟರಿಗೆ.

ಹಾಗೆಂದು ವಿರೋಧಿಗಳ ಆತಂಕ ಪೂರ್ತಿ ಹುಸಿಯಲ್ಲ. ಹೊಂದಾಣಿಕೆಗೆ ಒಂದು ದಿಕ್ಕಿದೆ. ಒಡೆತನದ ಕಡತವನ್ನು ಓದುವುದು ಬಿಡುಗಡೆ. ಹೊಸ ಬರಹವನ್ನೂ ಅದೇ ರೂಪದಲ್ಲಿ ಉಳಿಸುತ್ತ ಹೋಗುವುದು ಶರಣಾಗತಿ. ಆಗ ಕಂಪನಿ ರಚನೆಯನ್ನು ಬದಲಿಸಿದಾಗಲೆಲ್ಲ ಮುಕ್ತ ತಂತ್ರಾಂಶ ಅದರ ಹಿಂದೆ ಓಡಬೇಕು.

ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಮಾನ್ಯ ಎಂ10 ಬೋಲ್ಟಿನಲ್ಲಿ ಥ್ರೆಡ್‌ಗಳ ಅಂತರ 1.5 ಮಿಲಿಮೀಟರ್. ಬೋಲ್ಟು ಒಂದು ಕಾರ್ಖಾನೆಯದು, ನಟ್ಟು ಇನ್ನೊಂದರದು, ಆದರೂ ಕೂರುತ್ತವೆ. ಏಕೆಂದರೆ ಆ ಅಳತೆ ಯಾವ ಕಾರ್ಖಾನೆಯ ಗುಟ್ಟೂ ಅಲ್ಲ. ಕಡತಗಳಿಗೂ ಅಂಥ ಅಳತೆಯಿದೆ: 2006ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಓಪನ್ ಡಾಕ್ಯುಮೆಂಟ್ ಫಾರ್ಮ್ಯಾಟ್. ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನು ಭಾರತ ಸರ್ಕಾರ 2010ರಲ್ಲೇ ಪ್ರಕಟಿಸಿದೆ.

ಆದ್ದರಿಂದ ಮುಕ್ತ ತಂತ್ರಾಂಶದ ಬೆಂಬಲಿಗರು ಹೊಂದಾಣಿಕೆಯನ್ನು ಬೆಂಬಲಿಸಲೇಬೇಕು. ಅದಕ್ಕೊಂದು ಗಡಿಯನ್ನೂ ಹಾಕಿಕೊಳ್ಳಬೇಕು. ಎಲ್ಲವನ್ನೂ ಓದೋಣ, ಉಳಿಸುವುದು ಮಾತ್ರ ಮುಕ್ತ ಮಾನಕದಲ್ಲಿ. ನಿಮ್ಮ ಹಳೆಯ ಟಿಪ್ಪಣಿಯೊಂದನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಮೂಲದೊಡನೆ ಹೋಲಿಸಿ ನೋಡಿ. ತಪ್ಪು ಕಂಡರೆ ಪರಿವರ್ತಕ ಬರೆದವರಿಗೆ ತಿಳಿಸಿ. ಅದೂ ಮುಕ್ತ ತಂತ್ರಾಂಶದ ಕೆಲಸವೇ.